ಮೂರು ವಾರ ಮುಚ್ಚಿದ ಆಟದ ಜಾಲ: 2011ರ ಪ್ಲೇಸ್ಟೇಷನ್ ನೆಟ್‌ವರ್ಕ್ ಪ್ರಕರಣ

2011ರ ಏಪ್ರಿಲ್ 20, ಬುಧವಾರ. ಸೋನಿ ಕಂಪನಿಯ ಆಟದ ಯಂತ್ರ ಪಿಎಸ್3 (ಪ್ಲೇಸ್ಟೇಷನ್ 3) ಆನ್ ಮಾಡಿ, ಅದರ ಆನ್‌ಲೈನ್ ಜಾಲಕ್ಕೆ ಹೋಗಲು ಸೈನ್ ಇನ್ ಒತ್ತಿದವರಿಗೆ ಪರದೆ ಮೇಲೆ ಒಂದು ಸಾಲು ಕಾಣಿಸಿತು: ಪ್ಲೇಸ್ಟೇಷನ್ ನೆಟ್‌ವರ್ಕ್‌ನಲ್ಲಿ ಈಗ ಮೇಂಟೆನೆನ್ಸ್ ನಡೆಯುತ್ತಿದೆ. ಜೊತೆಗೆ 80710ಎ06 ಅನ್ನುವ ಎರರ್ ಕೋಡ್. ಮೇಂಟೆನೆನ್ಸ್ ಅಂದರೆ ಒಂದೆರಡು ಗಂಟೆ, ಹೆಚ್ಚೆಂದರೆ ಒಂದು ರಾತ್ರಿ ಅಲ್ವಾ? ಜನ ಹಾಗೇ ಅಂದುಕೊಂಡು ಮಲಗಿದರು. ಆ ಜಾಲ ಮತ್ತೆ ಶುರುವಾಗಿದ್ದು ಮೇ 14ಕ್ಕೆ. ಅದೂ ಪೂರ್ತಿಯಾಗಿ ಅಲ್ಲ.

ಜಾಲಕ್ಕೆ ಕಳ್ಳರು ನುಗ್ಗಿ ಖಾತೆಗಳ ಮಾಹಿತಿ ಕದ್ದ ಈ ಪ್ರಕರಣದ ಬಗ್ಗೆ ಭದ್ರತಾ ತಜ್ಞರು ಸಾಕಷ್ಟು ಹೇಳಿದ್ದಾರೆ. ನಾನು ನೋಡಲು ಹೊರಟಿದ್ದು ಆಟಗಾರರ ಕಡೆಯಿಂದ. ಅವರ ಸಿಟ್ಟು ಯಾವ ದಿನ ಹುಟ್ಟಿತು, ಯಾವ ನಿರ್ಧಾರದಿಂದ ಜಾಸ್ತಿಯಾಯಿತು, ಎಲ್ಲಿ ಅದು ಭಯವಾಗಿ ಬದಲಾಯಿತು ಅನ್ನುವುದು ನನಗೆ ಮುಖ್ಯ. ಇಲ್ಲಿ ಯಾವ ವ್ಯಕ್ತಿಯ ಹೆಸರೂ ಇಲ್ಲ. ಅಧಿಕಾರಿಗಳನ್ನು ಹುದ್ದೆಯಿಂದ, ಆಟಗಾರರನ್ನು ಅವರು ಆಡುತ್ತಿದ್ದ ಆಟದಿಂದ ಗುರುತಿಸಿದ್ದೇನೆ. ಸರ್ವರ್ ನೋಡಿಕೊಳ್ಳುವ, ಗ್ರಾಹಕರಿಗೆ ಉತ್ತರ ಕೊಡುವ ಕೆಲಸದಲ್ಲಿ ನಮ್ಮವರು ಎಷ್ಟೋ ಜನ ಇದ್ದಾರೆ. ಅವರಿಗೆ ಇದು ದಿನದ ಕೆಲಸಕ್ಕೆ ಬರುವ ಪಾಠ.

ಹಿನ್ನೆಲೆ

ಪಿಎಸ್3 ಬಂದಿದ್ದು 2006ರ ಕೊನೆಗೆ. ಅದರ ಜೊತೆಗೇ ಪ್ಲೇಸ್ಟೇಷನ್ ನೆಟ್‌ವರ್ಕ್ ಶುರುವಾಯಿತು. ಇದರಲ್ಲಿ ಆನ್‌ಲೈನ್ ಆಡಲು ದುಡ್ಡು ಕೊಡಬೇಕಿರಲಿಲ್ಲ. ಎದುರಾಳಿ ಎಕ್ಸ್‌ಬಾಕ್ಸ್‌ನಲ್ಲಿ ಚಂದಾ ಕಟ್ಟಬೇಕಿತ್ತು. 2011ರ ಹೊತ್ತಿಗೆ ಪ್ಲೇಸ್ಟೇಷನ್ ಜಾಲದಲ್ಲಿ 7 ಕೋಟಿ 70 ಲಕ್ಷ ಖಾತೆಗಳಿದ್ದವು. ಗೆಳೆಯರ ಪಟ್ಟಿ, ಮೆಸೇಜು, ಟ್ರೋಫಿಗಳು, ಕೊಂಡ ಆಟಗಳು ಎಲ್ಲಾ ಒಂದೇ ಖಾತೆಗೆ ಕಟ್ಟಿಕೊಂಡಿದ್ದವು. ಆ ಜಾಲ ಎಷ್ಟೋ ಹುಡುಗರಿಗೆ ಸಂಜೆ ಸೇರುವ ಜಾಗವಾಗಿತ್ತು. ಬೇರೆ ಬೇರೆ ಊರಿನಲ್ಲಿದ್ದ ಗೆಳೆಯರು ಮಾತಾಡುತ್ತಿದ್ದದ್ದೇ ಅಲ್ಲಿ.

ಸೋನಿ ಮತ್ತು ಅದರ ಗ್ರಾಹಕರ ಒಂದು ಗುಂಪಿನ ನಡುವೆ ಮನಸ್ತಾಪ ಮೊದಲೇ ಇತ್ತು. ಪಿಎಸ್3ಯಲ್ಲಿ ಲಿನಕ್ಸ್ ಅನ್ನುವ ಆಪರೇಟಿಂಗ್ ಸಿಸ್ಟಮ್ ಹಾಕಿಕೊಳ್ಳುವ ಸೌಲಭ್ಯವನ್ನು 2010ರ ಏಪ್ರಿಲ್‌ನಲ್ಲಿ ಒಂದು ಅಪ್‌ಡೇಟ್ ಮೂಲಕ ತೆಗೆದುಹಾಕಿದರು. ದುಡ್ಡು ಕೊಟ್ಟು ಕೊಂಡಾಗ ಇದ್ದದ್ದನ್ನು ಆಮೇಲೆ ಕಿತ್ತುಕೊಂಡರು ಅಂತ ಜನರಿಗೆ ಬೇಸರವಾಯಿತು. 2011ರ ಜನವರಿಯಲ್ಲಿ ಅಮೆರಿಕದ ಒಬ್ಬ ಯುವಕ ಪಿಎಸ್3ಯ ಬೀಗ ಒಡೆಯುವ ಕೀಲಿಯನ್ನು ಎಲ್ಲರಿಗೂ ಸಿಗುವಂತೆ ಹಾಕಿದ. ಸೋನಿ ಕೋರ್ಟಿಗೆ ಹೋಯಿತು. ಆ ಸಿಟ್ಟಿಗೆ ಅನಾನಿಮಸ್ ಅನ್ನುವ ಹ್ಯಾಕರ್‌ಗಳ ಗುಂಪು ಏಪ್ರಿಲ್ ಮೊದಲಲ್ಲಿ ಸೋನಿಯ ಜಾಲಗಳ ಮೇಲೆ ಸುಳ್ಳು ದಟ್ಟಣೆ ಹರಿಸಿ ಸೇವೆಗೆ ತೊಂದರೆ ಕೊಟ್ಟಿತು. ಏಪ್ರಿಲ್ 11ಕ್ಕೆ ಆ ಮೊಕದ್ದಮೆ ರಾಜಿಯಲ್ಲಿ ಮುಗಿದ ಸುದ್ದಿ ಬಂತು. ಹಾಗಾಗಿ 20ರಂದು ಜಾಲ ಹೋದಾಗ ತುಂಬಾ ಜನ, ಇದು ಮತ್ತೆ ಅವರದ್ದೇ ಕೆಲಸ ಅಂದುಕೊಂಡರು. ಈ ಸಲ ನಾವಲ್ಲ ಅಂತ ಆ ಗುಂಪೇ ಹೇಳಿಕೆ ಕೊಟ್ಟಿತು.

ಒಳಗೆ ಆಗಿದ್ದೇನು

ಸೋನಿ ಆಮೇಲೆ ಅಮೆರಿಕದ ಸಂಸತ್ತಿನ ಸಮಿತಿಗೆ ಬರೆದ ಪತ್ರದಲ್ಲಿ ದಿನವಹಿ ಲೆಕ್ಕ ಸಿಗುತ್ತದೆ. ಏಪ್ರಿಲ್ 19ರ ಸಂಜೆ ಕೆಲವು ಸರ್ವರ್‌ಗಳು ಯಾರೂ ಹೇಳದೆ ತಾವಾಗಿ ರೀಸ್ಟಾರ್ಟ್ ಆಗತೊಡಗಿದವು. ಸಿಬ್ಬಂದಿ ಲಾಗ್, ಅಂದರೆ ಸರ್ವರ್‌ನಲ್ಲಿ ಏನೇನು ನಡೆಯಿತು ಅನ್ನುವ ದಾಖಲೆ, ತೆಗೆದು ನೋಡಿದರು. 20ರಂದು, ಹೊರಗಿನವರು ಒಳಗೆ ಬಂದಿದ್ದಾರೆ, ಏನೋ ಮಾಹಿತಿ ಹೊರಗೆ ಹೋಗಿದೆ ಅನ್ನುವುದಕ್ಕೆ ಸಾಕ್ಷಿ ಸಿಕ್ಕಿತು. ಏನು ಹೋಗಿದೆ ಅನ್ನುವುದು ಗೊತ್ತಾಗಲಿಲ್ಲ. ಇಡೀ ಜಾಲವನ್ನೇ ಆಫ್ ಮಾಡಿದರು.

ಈ ನಿರ್ಧಾರವನ್ನು ನಾನು ಪೂರ್ತಿ ಒಪ್ಪುತ್ತೇನೆ. ಕಳ್ಳ ಒಳಗಿರುವಾಗ ವ್ಯವಹಾರ ನಡೆಸುತ್ತಾ ಕೂರುವುದು ಸರಿಯಲ್ಲ. ಆಟಗಾರರಲ್ಲೂ ಹೆಚ್ಚಿನವರು ಆಮೇಲೆ ಇದನ್ನು ತಪ್ಪು ಅನ್ನಲಿಲ್ಲ. ತಪ್ಪು ಆಗಿದ್ದು ಪರದೆ ಮೇಲೆ ಬಂದ ಆ ಸಾಲಿನಲ್ಲಿ. ಮೇಂಟೆನೆನ್ಸ್ ಅಂದಾಗ, ಎಲ್ಲಾ ಗೊತ್ತಿದ್ದು ಬೇಕಂತಲೇ ನಿಲ್ಲಿಸಿದ್ದಾರೆ ಅಂತ ಅರ್ಥ. ಆದದ್ದು ಅದರ ಉಲ್ಟಾ.

ಆಟಗಾರರಿಗೆ ಆದ ತೊಂದರೆ

ಜಾಲ ಹೋದ ಹೊತ್ತು ಬಹಳ ಕೆಟ್ಟದು. ಅದರ ಹಿಂದಿನ ದಿನ, ಏಪ್ರಿಲ್ 19ಕ್ಕೆ, ಅಮೆರಿಕದಲ್ಲಿ ಮೂರು ದೊಡ್ಡ ಆಟಗಳು ಬಂದಿದ್ದವು: ಪೋರ್ಟಲ್ 2, ಮಾರ್ಟಲ್ ಕಾಂಬ್ಯಾಟ್, ಸೋಕಾಂ 4. ಪೋರ್ಟಲ್ 2ರಲ್ಲಿ ಇಬ್ಬರು ಸೇರಿ ಆಡುವ ಭಾಗ ಇತ್ತು. ಒಂದೇ ಟಿವಿ ಮುಂದೆ ಕೂತರೆ ಆಡಬಹುದು, ದೂರದ ಗೆಳೆಯನ ಜೊತೆ ಆಗದು. ಸೋಕಾಂ 4 ಕೊಂಡವರ ಪಾಡು ಇನ್ನೂ ಕಷ್ಟ. ಸೋಕಾಂ ಸರಣಿಗೆ ಹೆಸರು ಬಂದಿದ್ದೇ ತಂಡ ಕಟ್ಟಿ ಆನ್‌ಲೈನ್ ಆಡುವುದರಿಂದ. ಆನ್‌ಲೈನ್ ಆಡಲೆಂದೇ ಹೊಸ ಡಿಸ್ಕ್ ತಂದು ಒಂದು ದಿನ ಆಡಿದವರು ಮೂರು ವಾರ ಅದನ್ನು ಡಬ್ಬಿಯಲ್ಲೇ ಇಡಬೇಕಾಯಿತು. ಅದೇ ಭಾನುವಾರ ಈಸ್ಟರ್. ಅಲ್ಲಿ ಶಾಲೆ, ಕಚೇರಿಗೆ ರಜೆ. ವಾರಗಟ್ಟಲೆ ಮುಂಚೆ ಗೆಳೆಯರು ಸೇರಿ ಆಡೋಣ ಅಂತ ಇಟ್ಟುಕೊಂಡಿದ್ದ ದಿನಗಳು ಸುಮ್ನೆ ಹೋದವು.

ಆನ್‌ಲೈನ್ ಆಡುವವರಿಗೆ ತೊಂದರೆ ಆಗುವುದು ಸಹಜ. ಆದರೆ ಒಬ್ಬರೇ ಕೂತು ಆಡುವವರೂ ಸಿಕ್ಕಿಬಿದ್ದರು. ಕ್ಯಾಪ್‌ಕಾಮ್ ಕಂಪನಿಯ ಬಯೋನಿಕ್ ಕಮಾಂಡೋ ರೀಆರ್ಮ್ಡ್ 2, ಫೈನಲ್ ಫೈಟ್: ಡಬಲ್ ಇಂಪ್ಯಾಕ್ಟ್ ಆಟಗಳು ಶುರುವಾಗುವ ಮುಂಚೆ ಜಾಲಕ್ಕೆ ಸೈನ್ ಇನ್ ಆಗಲೇಬೇಕಿತ್ತು. ನಕಲು ತಡೆಯಲು ಹಾಕಿದ ಬೀಗ ಅದು. ದುಡ್ಡು ಕೊಟ್ಟು ಇಳಿಸಿಕೊಂಡ ಆಟ, ತನ್ನದೇ ಹಾರ್ಡ್‌ಡಿಸ್ಕಿನಲ್ಲಿದೆ, ಆದರೆ ತೆರೆಯುವುದಿಲ್ಲ. ಈ ಪ್ರಕರಣದಲ್ಲಿ ನನಗೆ ಅತಿ ಹೆಚ್ಚು ಬೇಸರ ತರುವ ಭಾಗ ಇದೇ. ನಕಲು ಮಾಡಿದವನಿಗೆ ಏನೂ ಆಗಲಿಲ್ಲ, ಪ್ರಾಮಾಣಿಕವಾಗಿ ಕೊಂಡವನು ಹೊರಗುಳಿದ.

ಇದಕ್ಕೆ ಎದುರಾದ ಒಂದು ಉದಾಹರಣೆ ನೆಟ್‌ಫ್ಲಿಕ್ಸ್. ಪಿಎಸ್3ಯಲ್ಲಿ ನೆಟ್‌ಫ್ಲಿಕ್ಸ್ ತೆರೆದರೆ ಅದೂ ಮೊದಲು ಸೈನ್ ಇನ್ ಕೇಳುತ್ತಿತ್ತು. ಆಗಲಿಲ್ಲ ಅಂದರೆ ಮತ್ತೆ ಒತ್ತಿ, ಮತ್ತೆ ಒತ್ತಿ ಅಂತ ಜನ ಕಂಡುಕೊಂಡರು. ಕೆಲವು ಸಲ ಸೋತ ಮೇಲೆ ಅದು ಸುಮ್ನೆ ಒಳಗೆ ಬಿಡುತ್ತಿತ್ತು. ಬಾಯಿಂದ ಬಾಯಿಗೆ ಈ ಉಪಾಯ ಹರಡಿತು. ಮನೆಯವರಿಗಾದರೂ ಸಿನಿಮಾ ಸಿಕ್ಕಿತು. ಜಾಲ ಇಲ್ಲದಿದ್ದರೂ ನಡೆಯುವಂತೆ ಮಾಡಬಹುದಿತ್ತು ಅನ್ನುವುದಕ್ಕೆ ಇದೇ ಸಾಕ್ಷಿ.

ಆರು ದಿನದ ಮೌನ

ಏಪ್ರಿಲ್ 22ಕ್ಕೆ ಕಂಪನಿಯ ವಕ್ತಾರರು, ಹೊರಗಿನವರ ನುಸುಳುವಿಕೆಯಿಂದ ಜಾಲ ನಿಲ್ಲಿಸಿದ್ದೇವೆ ಅಂತ ಒಪ್ಪಿಕೊಂಡರು. 23ಕ್ಕೆ, ವ್ಯವಸ್ಥೆಯನ್ನೇ ಹೊಸದಾಗಿ ಕಟ್ಟುತ್ತಿದ್ದೇವೆ ಅಂದರು. ಎರಡೂ ಹೇಳಿಕೆ ಸಣ್ಣವು. ಖಾತೆಯ ಮಾಹಿತಿ ಏನಾಯಿತು ಅನ್ನುವುದಕ್ಕೆ ಒಂದಕ್ಷರ ಉತ್ತರ ಇಲ್ಲ. ಅಷ್ಟರವರೆಗೆ ಆಟಗಾರರ ಪ್ರಶ್ನೆ ಒಂದೇ: ಯಾವಾಗ ಶುರುವಾಗುತ್ತೆ?

ಏಪ್ರಿಲ್ 26ಕ್ಕೆ ಪ್ರಶ್ನೆಯೇ ಬದಲಾಯಿತು. ಏಪ್ರಿಲ್ 17ರಿಂದ 19ರ ನಡುವೆ ಕಳ್ಳರು ಒಳಗೆ ಬಂದಿದ್ದರು, ಹೆಸರು, ವಿಳಾಸ, ಇಮೇಲ್, ಹುಟ್ಟಿದ ದಿನ, ಲಾಗಿನ್ ಹೆಸರು, ಪಾಸ್‌ವರ್ಡ್ ಕದ್ದಿದ್ದಾರೆ ಅಂತ ಸೋನಿ ತಿಳಿಸಿತು. ಕ್ರೆಡಿಟ್ ಕಾರ್ಡ್ ವಿವರ ಹೋಗಿದೆ ಅನ್ನುವುದಕ್ಕೆ ಸಾಕ್ಷಿ ಇಲ್ಲ, ಆದರೆ ಹೋಗಿಲ್ಲ ಅನ್ನಲೂ ಆಗದು ಅಂದಿತು. ಅದೇ ದಿನ ಅಮೆರಿಕದ ಒಬ್ಬ ಸೆನೆಟರ್, ಗ್ರಾಹಕರಿಗೆ ಇಷ್ಟು ತಡವಾಗಿ ಏಕೆ ತಿಳಿಸಿದಿರಿ ಅಂತ ಕಂಪನಿಗೆ ಪತ್ರ ಬರೆದರು.

ಪ್ರಕರಣದ ದೊಡ್ಡ ತಿರುವು ಇದು. ಆಟ ಸಿಗದ ಬೇಸರ ಒಂದು ಥರ. ನನ್ನ ಪಾಸ್‌ವರ್ಡ್ ಒಂದು ವಾರದಿಂದ ಯಾರದ್ದೋ ಕೈಯಲ್ಲಿದೆ, ನನಗೆ ಈಗ ಹೇಳುತ್ತಿದ್ದಾರೆ ಅನ್ನುವುದು ಬೇರೆ ಥರ. ಮಕ್ಕಳ ಹೆಸರಲ್ಲಿ ಖಾತೆ ತೆರೆದು ತಮ್ಮ ಕಾರ್ಡ್ ಹಾಕಿದ್ದ ಅಪ್ಪ ಅಮ್ಮಂದಿರು ಆವತ್ತು ಈ ವಿಷಯದೊಳಗೆ ಬಂದರು. ಅವರಿಗೆ ಆಟದ ಚಿಂತೆ ಇರಲಿಲ್ಲ.

ತಡವೇಕೆ ಅನ್ನುವುದಕ್ಕೆ ಸೋನಿ ಕೊಟ್ಟ ಕಾರಣವನ್ನು ಸರಿಯಾಗಿ ನೋಡಬೇಕು. ನುಸುಳಿದ್ದು ಗೊತ್ತಾಗುವುದು ಬೇರೆ, ಗ್ರಾಹಕರ ಮಾಹಿತಿ ಹೋಗಿದೆ ಅಂತ ಗೊತ್ತಾಗುವುದು ಬೇರೆ, ಎರಡನೆಯದಕ್ಕೆ ತಜ್ಞರಿಗೆ ಹಲವು ದಿನ ಬೇಕಾಯಿತು ಅಂದಿತು. ಅರ್ಧಂಬರ್ಧ ಮಾಹಿತಿ ಕೊಟ್ಟರೆ ಜನ ಗೊಂದಲಕ್ಕೆ ಬಿದ್ದು ಬೇಡದ ಕೆಲಸ ಮಾಡಿಕೊಳ್ಳುತ್ತಾರೆ ಅನ್ನುವ ಅಳುಕೂ ಇತ್ತು ಅಂತ ಸಂಸತ್ ಸಮಿತಿಗೆ ಬರೆಯಿತು. ಇದನ್ನು ಪೂರ್ತಿ ನೆಪ ಅಂತ ನಾನು ತಳ್ಳಿಹಾಕುವುದಿಲ್ಲ. ಲಾಗ್‌ಗಳನ್ನು ಅಳಿಸಿ ಹೋದ ಕಳ್ಳನ ಜಾಡು ಹಿಡಿಯುವುದು ಸುಲಭವಲ್ಲ. ತಪ್ಪು ಸುದ್ದಿ ಕೊಟ್ಟರೆ ಅದೂ ಅಪಾಯ.

ಆದರೆ ಆ ಬೇಡದ ಕೆಲಸ ಯಾವುದು ಅಂತ ಕೇಳಿಕೊಳ್ಳಿ. ಜಾಲವೇ ಮುಚ್ಚಿದ್ದರಿಂದ ಆಟಗಾರನಿಗೆ ಪ್ಲೇಸ್ಟೇಷನ್ ಪಾಸ್‌ವರ್ಡ್ ಬದಲಿಸಲು ಸಾಧ್ಯವೇ ಇರಲಿಲ್ಲ. ಅವನ ಕೈಯಲ್ಲಿದ್ದದ್ದು ಎರಡೇ: ಅದೇ ಪಾಸ್‌ವರ್ಡನ್ನು ಇಮೇಲ್‌ಗೂ ಬ್ಯಾಂಕಿಗೂ ಇಟ್ಟಿದ್ದರೆ ಅಲ್ಲಿ ಬದಲಿಸುವುದು, ಕಾರ್ಡಿನ ಖರ್ಚಿನ ಪಟ್ಟಿ ಮೇಲೆ ಒಂದು ಕಣ್ಣಿಡುವುದು. ಒಂದು ವೇಳೆ ಏನೂ ಕಳುವಾಗಿರಲಿಲ್ಲ ಅಂದರೂ ಈ ಎರಡು ಕೆಲಸದಿಂದ ಯಾರಿಗೂ ನಷ್ಟ ಇರಲಿಲ್ಲ. ಕಳುವಾಗಿದ್ದರೆ ಪ್ರತಿ ದಿನವೂ ಲೆಕ್ಕಕ್ಕೆ ಬರುತ್ತಿತ್ತು. ಆ ಒಂದು ಸಾಲಿನ ಎಚ್ಚರಿಕೆಯನ್ನು 20ಕ್ಕೇ ಕೊಡಬಹುದಿತ್ತು.

26ರ ಹೇಳಿಕೆಯಲ್ಲೂ ಒಂದು ಲೋಪ ಇತ್ತು. ಪಾಸ್‌ವರ್ಡ್ ಹೋಗಿದೆ ಅಂದರು, ಅದು ಯಾವ ರೂಪದಲ್ಲಿತ್ತು ಅಂತ ಹೇಳಲಿಲ್ಲ. ಇದ್ದಂತೇ ಬರೆದಿಟ್ಟಿದ್ದರು ಅಂತ ಜನ ಅಂದುಕೊಂಡು ಕೆಂಡವಾದರು. ಪಾಸ್‌ವರ್ಡ್‌ಗಳನ್ನು ಹ್ಯಾಶ್ ಮಾಡಿ ಇಟ್ಟಿದ್ದೆವು ಅನ್ನುವ ಸ್ಪಷ್ಟನೆ ಬಂದಿದ್ದು ಮೇ 2ಕ್ಕೆ. ಹ್ಯಾಶ್ ಅಂದರೆ ಮೂಲ ಪದವನ್ನು ಹಿಂದಕ್ಕೆ ತೆಗೆಯಲು ಸುಲಭವಾಗದಂತೆ ಕಲಸಿ ಇಡುವುದು. ತಮ್ಮ ಪರವಾಗಿದ್ದ ಮಾತನ್ನೂ ತಡವಾಗಿ ಹೇಳಿ ಕಳೆದುಕೊಂಡರು.

ತಲೆ ಬಾಗಿದ ದಿನ, ತಪ್ಪಿದ ದಿನಾಂಕಗಳು

ಮೇ 1ಕ್ಕೆ ಟೋಕಿಯೋದಲ್ಲಿ ಪತ್ರಿಕಾಗೋಷ್ಠಿ. ಕಂಪನಿಯ ಮೂವರು ಹಿರಿಯ ಅಧಿಕಾರಿಗಳು ಎದ್ದು ನಿಂತು ಹಲವು ಸೆಕೆಂಡು ತಲೆ ಬಾಗಿಸಿ ಕ್ಷಮೆ ಕೇಳಿದರು. ಜಪಾನಿನಲ್ಲಿ ಅದಕ್ಕೆ ತೂಕ ಇದೆ. ಅದೇ ಸಭೆಯಲ್ಲಿ, ಕಳ್ಳರು ಬಳಸಿಕೊಂಡ ದೋಷ ಹೊಸದಲ್ಲ, ಲೋಕಕ್ಕೆ ಗೊತ್ತಿದ್ದದ್ದೇ, ತಮ್ಮ ಆಡಳಿತಕ್ಕೆ ಗೊತ್ತಿರಲಿಲ್ಲ ಅಂತಲೂ ಒಪ್ಪಿಕೊಂಡರು. ಆ ಮಾತು ಕ್ಷಮೆಗಿಂತ ಹೆಚ್ಚು ಕಾಲ ಉಳಿಯಿತು.

ಮಾರನೇ ದಿನ ಇನ್ನೊಂದು ಪೆಟ್ಟು. ಸೋನಿ ಆನ್‌ಲೈನ್ ಎಂಟರ್‌ಟೇನ್‌ಮೆಂಟ್ ಅನ್ನುವ ಅದರದ್ದೇ ಇನ್ನೊಂದು ಸಂಸ್ಥೆಯ ಆಟಗಳೂ ನಿಂತವು. ಅಲ್ಲಿ 2 ಕೋಟಿ 46 ಲಕ್ಷ ಖಾತೆಗಳ ಮಾಹಿತಿ ಹೋಗಿರಬಹುದು ಅಂದರು. 2007ರ ಒಂದು ಹಳೇ ಡೇಟಾಬೇಸಿನಿಂದ ಅಮೆರಿಕದ ಹೊರಗಿನ ಸುಮಾರು 12,700 ಕಾರ್ಡ್ ನಂಬರುಗಳೂ ಅದರಲ್ಲಿದ್ದವು. ಬಳಕೆಯಲ್ಲಿಲ್ಲದ ಪಟ್ಟಿ, ಅಳಿಸಿಹಾಕಿದ್ದರೆ ಕದಿಯಲು ಏನೂ ಇರುತ್ತಿರಲಿಲ್ಲ.

ಇಷ್ಟರ ನಡುವೆ ದಿನಾಂಕಗಳ ಎಡವಟ್ಟು ನಡೆಯುತ್ತಲೇ ಇತ್ತು. ಏಪ್ರಿಲ್ 26ಕ್ಕೆ, ಒಂದು ವಾರದಲ್ಲಿ ಕೆಲವು ಸೇವೆ ಶುರು ಅಂದರು. ಮೇ 1ಕ್ಕೆ, ಇದೇ ವಾರ ಅಂದರು. ಮೇ 6ಕ್ಕೆ, ಇನ್ನೊಂದು ಸಂಸ್ಥೆಯ ಮೇಲಾದ ದಾಳಿಯ ಅಳತೆ ಆಗ ಗೊತ್ತಿರಲಿಲ್ಲ, ಇನ್ನಷ್ಟು ಪರೀಕ್ಷೆ ಬೇಕು, ಆಗುವುದಿಲ್ಲ ಅಂದರು. ಕಾರಣ ನಿಜವೇ. ಆದರೆ ಪ್ರತಿ ಸಲ ಆಟಗಾರ ಆ ವಾರಾಂತ್ಯಕ್ಕೆ ಗೆಳೆಯರನ್ನು ಒಟ್ಟು ಮಾಡಿ ಕಾದು ಕೂತಿದ್ದ. ಮೌನದಿಂದ ಹೋದ ನಂಬಿಕೆಯಷ್ಟೇ ನಂಬಿಕೆ ಈ ತಪ್ಪಿದ ಮಾತುಗಳಿಂದಲೂ ಹೋಯಿತು ಅಂತ ನನ್ನ ಅನಿಸಿಕೆ.

ನಮ್ಮಲ್ಲಿ ಕರೆಂಟ್ ಹೋದಾಗ ಲೈನ್‌ಮನ್‌ಗೆ ಫೋನ್ ಮಾಡುತ್ತೇವೆ. ಟ್ರಾನ್ಸ್‌ಫಾರ್ಮರ್ ಸುಟ್ಟಿದೆ, ಹೊಸದು ಬರಬೇಕು, ಬಂದ ಮೇಲೆ ಎರಡು ಗಂಟೆ ಕೆಲಸ ಅಂದರೆ ಜನ ಮೇಣದಬತ್ತಿ ತಂದು ಹೊಂದಿಕೊಳ್ಳುತ್ತಾರೆ. ಈಗ ಬರುತ್ತೆ, ಈಗ ಬರುತ್ತೆ ಅಂದರೆ ಜಗಳ ಆಗುತ್ತದೆ. ಸೋನಿಯೂ ದಿನಾಂಕದ ಬದಲು ಹಂತ ಹೇಳಬಹುದಿತ್ತು: ಸರ್ವರ್‌ಗಳನ್ನು ಬೇರೆ ಕಡೆಗೆ ಸಾಗಿಸುತ್ತಿದ್ದೇವೆ, ಅದು ಮುಗಿದ ಮೇಲೆ ಹೊರಗಿನ ತಜ್ಞರ ಪರೀಕ್ಷೆ, ಆಮೇಲೆ ಸೈನ್ ಇನ್, ಎಲ್ಲಕ್ಕಿಂತ ಕೊನೆಗೆ ಆಟ ಕೊಳ್ಳುವ ಆನ್‌ಲೈನ್ ಅಂಗಡಿ. ನಿಜಕ್ಕೂ ಕೆಲಸ ಸಾಗಿದ್ದು ಹೆಚ್ಚು ಕಡಿಮೆ ಹೀಗೇ.

ಮತ್ತೆ ಶುರು

ಮೇ 14ರ ರಾತ್ರಿ ಅಮೆರಿಕದಲ್ಲಿ ಸೇವೆ ಹಂತಹಂತವಾಗಿ ಬರತೊಡಗಿತು. ಎಲ್ಲರೂ 3.61 ಅನ್ನುವ ಅಪ್‌ಡೇಟ್ ಹಾಕಿಕೊಂಡು ಪಾಸ್‌ವರ್ಡ್ ಬದಲಿಸಲೇಬೇಕಿತ್ತು. ಖಾತೆ ಮೊದಲು ತೆರೆದ ಅದೇ ಪಿಎಸ್3ಯಲ್ಲಿ, ಇಲ್ಲವೇ ಖಾತೆಯ ಇಮೇಲ್ ಮೂಲಕ ಮಾತ್ರ ಬದಲಿಸಬಹುದು. ಒಳ್ಳೆಯ ಯೋಚನೆ. ಆದರೆ ಎಲ್ಲರೂ ಒಟ್ಟಿಗೆ ನುಗ್ಗಿದರು. ಪಾಸ್‌ವರ್ಡ್ ಇಮೇಲ್‌ಗಳ ರಾಶಿ ತಡೆಯಲಾಗದೆ ಸ್ವಲ್ಪ ಹೊತ್ತು ಸೇವೆಯನ್ನೇ ನಿಲ್ಲಿಸಬೇಕಾಯಿತು.

ನಾಲ್ಕು ದಿನಕ್ಕೆ ಇನ್ನೊಂದು ತೂತು ಕಂಡಿತು. ಪಾಸ್‌ವರ್ಡ್ ಬದಲಿಸುವ ವೆಬ್ ಪುಟದಲ್ಲಿದ್ದ ದೋಷದಿಂದ, ಇಮೇಲ್ ವಿಳಾಸ ಮತ್ತು ಹುಟ್ಟಿದ ದಿನ ಗೊತ್ತಿದ್ದರೆ ಯಾರು ಬೇಕಾದರೂ ಯಾರದ್ದಾದರೂ ಖಾತೆಗೆ ಹೊಸ ಪಾಸ್‌ವರ್ಡ್ ಹಾಕಬಹುದಿತ್ತು. ಇಮೇಲ್, ಹುಟ್ಟಿದ ದಿನ ಎರಡೂ ಏಪ್ರಿಲ್‌ನಲ್ಲಿ ಕಳುವಾದ ಪಟ್ಟಿಯಲ್ಲೇ ಇದ್ದವು! ಸೋನಿ ಆ ಪುಟವನ್ನು ಕೂಡಲೇ ಇಳಿಸಿ ಸರಿಮಾಡಿತು. ಕಳುವಾದ ಮೇಲೆ ಕದ್ದವನಿಗೆ ಏನೇನು ಗೊತ್ತಿದೆ ಅಂತ ಪಟ್ಟಿ ಮಾಡಿ, ಅದರಿಂದ ತೆರೆಯುವ ಒಂದೊಂದು ಬಾಗಿಲನ್ನೂ ಪರೀಕ್ಷಿಸಬೇಕು. ಜನ ಬೇಗ ಬೇಗ ಅನ್ನುವ ಒತ್ತಡ ಅಷ್ಟಿದ್ದಾಗ ಇದು ತಪ್ಪಿಹೋಗುವುದು ನನಗೆ ಅರ್ಥವಾಗುತ್ತದೆ. ಹಾಗಂತ ಸಣ್ಣ ತಪ್ಪಲ್ಲ.

ಜಪಾನ್ ಸರ್ಕಾರ ಅವಸರ ಮಾಡಲಿಲ್ಲ. ಭದ್ರತೆಯ ಬಗ್ಗೆ ಖಾತ್ರಿ ಕೇಳಿತು. ಅಲ್ಲಿ ಸೇವೆ ಬಂದಿದ್ದು ಮೇ 28ಕ್ಕೆ. ಅಮೆರಿಕದಲ್ಲಿ ಆಟ ಕೊಳ್ಳುವ ಅಂಗಡಿ ತೆರೆದಿದ್ದು ಜೂನ್ ಮೊದಲಲ್ಲಿ. ಈ ಅಂಗಡಿಯನ್ನೇ ನಂಬಿ ಬದುಕುತ್ತಿದ್ದ ಸಣ್ಣ ತಂಡಗಳಿಗೆ ಆರು ವಾರ ಒಂದು ಪ್ರತಿಯೂ ಮಾರಾಟವಾಗಲಿಲ್ಲ. ಆಟಗಾರರ ಕೂಗಿನಲ್ಲಿ ಅವರ ದನಿ ಕೇಳಲೇ ಇಲ್ಲ.

ಪರಿಹಾರ

ಐದು ಪಿಎಸ್3 ಆಟಗಳಲ್ಲಿ ಎರಡು ಪುಕ್ಕಟೆ, ಕೈಯಲ್ಲಿ ಹಿಡಿದು ಆಡುವ ಯಂತ್ರ ಪಿಎಸ್‌ಪಿ ಇದ್ದವರಿಗೆ ಇನ್ನೆರಡು, ದುಡ್ಡು ಕೊಟ್ಟು ಪಡೆಯುವ ಚಂದಾ ಸೇವೆ ಪ್ಲೇಸ್ಟೇಷನ್ ಪ್ಲಸ್ ಮೂವತ್ತು ದಿನ. ಅಮೆರಿಕದವರಿಗೆ ಗುರುತಿನ ಕಳ್ಳತನದ ವಿರುದ್ಧ ಒಂದು ವರ್ಷದ ರಕ್ಷಣೆ, 10 ಲಕ್ಷ ಡಾಲರ್‌ವರೆಗೆ ವಿಮೆ. ಪಟ್ಟಿಯಲ್ಲಿದ್ದ ಆಟಗಳು ಚೆನ್ನಾಗಿಯೇ ಇದ್ದವು: ಇನ್‌ಫೇಮಸ್, ಲಿಟಲ್ ಬಿಗ್ ಪ್ಲಾನೆಟ್, ವೈಪ್‌ಔಟ್ ಎಚ್‌ಡಿ. ಆದರೆ ಹಳೇ ನಿಷ್ಠಾವಂತ ಗ್ರಾಹಕರ ಕಪಾಟಿನಲ್ಲಿ ಅವು ಆಗಲೇ ಇರುವ ಸಂಭವ ಜಾಸ್ತಿ. ಸೋನಿ ಆನ್‌ಲೈನ್ ಎಂಟರ್‌ಟೇನ್‌ಮೆಂಟ್‌ನ, ತಿಂಗಳ ಚಂದಾ ಕಟ್ಟಿ ಆಡುವ ಆಟಗಳಿಗೆ ಕೊಟ್ಟ ಪರಿಹಾರ ನನಗೆ ಹೆಚ್ಚು ಸರಿ ಕಂಡಿತು: ಮೂವತ್ತು ದಿನ, ಜೊತೆಗೆ ನಿಂತ ಪ್ರತಿ ದಿನಕ್ಕೆ ಒಂದು ದಿನ. ಕಳೆದದ್ದು ದಿನ, ವಾಪಸ್ ಕೊಟ್ಟದ್ದೂ ದಿನ.

ಮೇ ಕೊನೆಯಲ್ಲಿ ಸೋನಿ ತನ್ನ ಖರ್ಚಿನ ಅಂದಾಜು ಕೊಟ್ಟಿತು: 1,400 ಕೋಟಿ ಯೆನ್, ಅಂದರೆ ಆಗಿನ ಲೆಕ್ಕದಲ್ಲಿ ಸುಮಾರು 17 ಕೋಟಿ ಡಾಲರ್. ಸೆಪ್ಟೆಂಬರಿನಲ್ಲಿ ಮಾಹಿತಿ ಭದ್ರತೆಗೆಂದೇ ಒಬ್ಬ ಹಿರಿಯ ಅಧಿಕಾರಿಯನ್ನು ನೇಮಿಸಿತು. ಅದೇ ತಿಂಗಳು, ಗ್ರಾಹಕರು ಒಟ್ಟಾಗಿ ಕೋರ್ಟಿಗೆ ಹೋಗುವುದನ್ನು ತಡೆಯುವ ಷರತ್ತನ್ನು ಬಳಕೆಯ ನಿಯಮಗಳಿಗೆ ಸೇರಿಸಿತು. ಮೊದಲನೆಯದು ನಂಬಿಕೆ ಕಟ್ಟುವ ಹೆಜ್ಜೆ, ಎರಡನೆಯದು ಅದನ್ನು ಕೆಡಿಸುವ ಹೆಜ್ಜೆ. 2013ರ ಜನವರಿಯಲ್ಲಿ ಬ್ರಿಟನ್ನಿನ ಮಾಹಿತಿ ಆಯುಕ್ತರ ಕಚೇರಿ 2,50,000 ಪೌಂಡ್ ದಂಡ ಹಾಕಿತು. ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿದ್ದರೆ ಇದನ್ನು ತಡೆಯಬಹುದಿತ್ತು ಅನ್ನುವುದು ಅವರ ತೀರ್ಮಾನ.

ಏನು ಕಲಿಯಬಹುದು

ಸೇವೆ ನಡೆಸುವವರಿಗೆ ನಾನು ಮೊದಲು ಹೇಳುವುದು ಪರದೆಯ ಆ ಸಾಲಿನ ಬಗ್ಗೆ. ಎರರ್ ಮೆಸೇಜನ್ನು ಯಾರೋ ಎಂದೋ ಬರೆದಿಟ್ಟಿರುತ್ತಾರೆ. ತುರ್ತಿನಲ್ಲಿ ಅದನ್ನು ಬದಲಿಸುವ ಅಧಿಕಾರ ಯಾರಿಗಿದೆ ಅಂತ ಇವತ್ತೇ ಕೇಳಿ ನೋಡಿ. ಎಷ್ಟೋ ಕಡೆ ಉತ್ತರ ಇರುವುದಿಲ್ಲ. ಎರಡನೆಯದು, ಯಾವಾಗ ಶುರು ಅನ್ನುವ ಸುದ್ದಿಯನ್ನೂ ನಿಮ್ಮ ಮಾಹಿತಿ ಸುರಕ್ಷಿತವೇ ಅನ್ನುವ ಸುದ್ದಿಯನ್ನೂ ಬೇರೆ ಬೇರೆಯಾಗಿ ಕೊಡಬೇಕು. ಮೊದಲನೆಯದು ಕಾಯಬಹುದು, ಎರಡನೆಯದು ಕಾಯುವಂಥದ್ದಲ್ಲ.

ಕಾನೂನೂ ಈಗ ಬದಲಾಗಿದೆ. ನಮ್ಮ ದೇಶದಲ್ಲಿ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ಕೊಟ್ಟ ಸೂಚನೆಯ ಪ್ರಕಾರ ಇಂಥ ಘಟನೆ ಗೊತ್ತಾದ 6 ಗಂಟೆಯೊಳಗೆ ತನಗೆ ವರದಿ ಮಾಡಬೇಕು. ಅದು ಸರ್ಕಾರಕ್ಕೆ ಹೋಗುವ ವರದಿ, ಆಟಗಾರನಿಗಲ್ಲ. 2023ರ ಡಿಜಿಟಲ್ ವೈಯಕ್ತಿಕ ಮಾಹಿತಿ ರಕ್ಷಣಾ ಕಾಯ್ದೆ, ಮಾಹಿತಿ ಕಳೆದುಕೊಂಡ ವ್ಯಕ್ತಿಗೂ ತಿಳಿಸಬೇಕು ಅನ್ನುತ್ತದೆ. 2011ರಲ್ಲಿ ಕೊರತೆ ಆಗಿದ್ದೇ ಇದು.

ಆಟಗಾರರ ಕಡೆಗೂ ಒಂದು ಮಾತು. ಒಂದೇ ಪಾಸ್‌ವರ್ಡನ್ನು ಎಲ್ಲಾ ಕಡೆ ಇಟ್ಟವರು ಆ ಏಪ್ರಿಲ್‌ನಲ್ಲಿ ಅತಿ ಹೆಚ್ಚು ಅಪಾಯದಲ್ಲಿದ್ದರು. ಫೋನಿಗೆ ಕೋಡ್ ಬರುವ ಎರಡು ಹಂತದ ಲಾಗಿನ್ ಪ್ಲೇಸ್ಟೇಷನ್ ಜಾಲಕ್ಕೆ ಬಂದಿದ್ದು 2016ರ ಆಗಸ್ಟ್‌ನಲ್ಲಿ, ದಾಳಿಯಾಗಿ ಐದು ವರ್ಷದ ಮೇಲೆ. ಈಗ ಇದೆ. ಹಾಕಿಕೊಂಡಿಲ್ಲದಿದ್ದರೆ ಇವತ್ತೇ ಹಾಕಿಕೊಳ್ಳಿ.

2025ರ ಫೆಬ್ರವರಿ 7ರ ಸಂಜೆ ಈ ಜಾಲ ಮತ್ತೆ ಬಿತ್ತು. ಸುಮಾರು ಒಂದು ದಿನ. ಕಾರ್ಯಾಚರಣೆಯ ಸಮಸ್ಯೆ ಅಂತ ಒಂದು ಸಾಲು ಹೇಳಿ, ಪ್ಲಸ್ ಚಂದಾದಾರರಿಗೆ ಐದು ದಿನ ಹೆಚ್ಚು ಕೊಟ್ಟರು. ಒಂದು ದಿನಕ್ಕೆ ಐದು ದಿನ, ಲೆಕ್ಕದಲ್ಲಿ ಉದಾರವೇ. ಆದರೆ 2011ನ್ನು ಕಂಡವರಿಗೆ ಬೇಕಿದ್ದದ್ದು ಇನ್ನೊಂದು ಸಾಲು: ಈ ಸಲ ಹೊರಗಿನವರು ಒಳಗೆ ಬಂದಿದ್ದರೋ ಇಲ್ಲವೋ.